ಏರು ಹತ್ತಿದ ಸ್ಕೂಟರು

ಸೋದರಮಾವ ತಮ್ಮಣ್ಣ ಚಿತ್ತಾಪುರದಿಂದ ಒಳ್ಳೆಯ ಸುದ್ದಿಯನ್ನೇ ತಂದಿದ್ದ. ಆದರೆ ಅದರ ಜೊತೆ ಒಂದು ನಗುವನ್ನೂ ತಂದದ್ದು ರೇವಣಪ್ಪನ ತಲೆ ಕೆಡಿಸಿತು.

"ಹುಡುಗೀ ಅಪ್ಪ ನಾಗೇಂದ್ರಪ್ಪನೋರು ನಿನ್ನ ಪಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. ನಿನ್ನ ಸ್ಕೂಟರು ಮಳಖೇಡದ ಏರು ಹತ್ತತದೇನು, ಅಷ್ಟೇ ಕೇಳಿದ್ರು. ನಾ ಸುಳ್ಳು ಯಾಕ ಹೇಳ್ಲಿ? ಹತ್ತಂಗಿಲ್ರಿ, ಹಿಂದಕ್ಕ ಜಾರತದ ಅಂದೆ. ಬಾಯಿತುಂಬ ನಕ್ಕರು. ನಾಳೆ ಹುಡುಗನ್ನ ಕರಸ್ರಿ, ಮಾತು ಮುಗಿಸೂಣು ಅಂದ್ರು."

"ನಕ್ಕರಾ?"

"ಹೊಟ್ಟಿ ಹಿಡಕೊಂಡು ನಕ್ಕರು. ನಿನಗ್ಯಾಕ ಬೇಕು ಅದು? ಒಪ್ಯಾರಲ್ಲ!"

ಸೇಡಂ ಕಚೇರಿಯ ಕಾರಕೂನ ರೇವಣಪ್ಪನಿಗೆ ಈಗಾಗಲೇ ಮೂರು ಕಡೆ ಹೆಣ್ಣು ತಪ್ಪಿತ್ತು. ಇದೂ ತಪ್ಪಿದರೆ ಅವನು ತಡೆದುಕೊಳ್ಳಲಾರ. ಕಾಳಗಿಯ ಮದುವೆಯೊಂದರಲ್ಲಿ ಈ ಹುಡುಗಿ ಬಡಿಸಿದ ಮಜ್ಜಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ನಕ್ಕ ನಾಗೇಂದ್ರಪ್ಪನ ಮುಂದೆ ಏರು ಹತ್ತಿಯೇ ಹೋಗಿ ನಿಲ್ಲಬೇಕೆಂದು ನಿಶ್ಚಯಿಸಿದ.

ಸ್ಕೂಟರನ್ನು ಅವನು ಜರ್ಮನಿಯ ಲಡಾಯಿ ಮುಗಿದ ವರ್ಷ ಸಿಕಂದರಾಬಾದಿನ ಮಿಲಿಟರಿ ಗುಜರಿಯಲ್ಲಿ ಕೊಂಡಿದ್ದ. ಅದರ ಎಂಜಿನ್ ಸತ್ತ ಮೇಲೆ ನೀರೆತ್ತುವ ಪಂಪಿನ ಎಂಜಿನ್ ಕೂಡಿಸಿದ್ದ. ಕುರಿಯ ಮೈಗೆ ಎಮ್ಮೆಯ ತಲೆ ಹಚ್ಚಿದಂತಿತ್ತು. ಸಪಾಟು ದಾರಿಯಲ್ಲಿ ಹಾಡುತ್ತಿತ್ತು, ಏರು ಕಂಡರೆ ಬಿಕ್ಕುತ್ತಿತ್ತು.

ಮರುದಿನ ಬೆಳಿಗ್ಗೆ ತಮ್ಮಣ್ಣ ರೈಲಿಗೆ ಮುಂದೆ ಹೋದ. ರೇವಣಪ್ಪ ಹಿಟ್ಟಿನ ಗಿರಣಿಯ ಮಿಸ್ತ್ರಿ ಅಬ್ದುಲ್ ಗನಿಯನ್ನು ಮನೆಗೆ ಕರೆತಂದ.

"ಎಂಜಿನ್ ಗಟ್ಟಿ ಅದ್ರಿ," ಎಂದ ಗನಿ. "ಪೆಟ್ರೋಲಿಗಿ ಗಾಳಿ ಬೆರೆಸಿ ಕೊಡೂ ಕಾರ್ಬುರೇಟರ್ ಭಾಳ ಸಣ್ಣದು. ಪೈಲ್ವಾನಗ ಚಮಚದಾಗ ಗಂಜಿ ಕುಡಿಸಿದಂಗ ಆಗ್ಯಾದ. ನನ್ನ ಹತ್ರ ಕೆಟ್ಟ ಲಾರೀದು ಒಂದು ಅದ. ಹಿತ್ತಾಳೀದು, ದೊಡ್ಡದು. ಅದನ್ನ ಕೂಡಿಸೂಣು."

ಗಿರಣಿಗೆ ಹೋಗಿ ಅದನ್ನು ತಂದು ಕಟ್ಟೆಯ ಮೇಲೆ ಇಟ್ಟದ್ದೇ ತಡ, ಓಣಿಗೆ ಓಣಿಯೇ ಬಗ್ಗಿ ನೋಡಿತು. ಎದುರುಮನೆಯ ನೀಲಾಬಾಯಿ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ಇದರೊಳಗ ಏನದ?"

"ಗಾಳಿ, ಅಮ್ಮಾ," ಎಂದ ಗನಿ.

"ಗಾಳಿಗಿ ಇಷ್ಟು ದೊಡ್ಡ ಮನಿ ಯಾಕ ಬೇಕಪ್ಪ?"

ಗನಿ ನಟ್ಟು ತರಲು ಮತ್ತೆ ಗಿರಣಿಗೆ ಹೋದ. ರೇವಣಪ್ಪ ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಹೊರಬಂದು ನೋಡಿದರೆ ಕಾರ್ಬುರೇಟರ್ ದೇವರ ಮನೆಯ ದೀಪದ ಸಮೆಯಂತೆ ಫಳಫಳ ಹೊಳೆಯುತ್ತ ಬಿಸಿಲಿಗೆ ಒಣಗುತ್ತಿತ್ತು. ಪಕ್ಕದಲ್ಲಿ ನೀಲಾಬಾಯಿ ಕೈ ತೊಳೆಯುತ್ತಿದ್ದಳು.

"ಅತ್ತೀ, ಏನ್ ಮಾಡೀರಿ ಇದು?"

"ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಪ್ಪ. ಹೆಣ್ಣಿನ ಮನಿಗಿ ಹೋಗೂ ಸಾಮಾನು ಕರ್ರಗ ಇರಬಾರ್ದು. ನಿನ್ನವ್ವ ಇದ್ದಿದ್ರ ಮಾಡ್ತಿದ್ದಿಲ್ಲೇನು?"

ಗನಿ ಬಂದು ಅದನ್ನು ಕೂಡಿಸಿ ಕಿಕ್ಕರ್ ಒದ್ದ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬಿಚ್ಚಿ ಮೂಸಿದ.

"ಯಾ ಅಲ್ಲಾ! ಪೆಟ್ರೋಲ್ ಬರೂ ತೂತಿನಾಗ ಹುಣಸಿ ಕೂತದಲ್ರಿ. ಇದು ಕಾರ್ಬುರೇಟರೋ, ಸಾರಿನ ಡಬರೀಯೋ?"

ದಬ್ಬಣ ತುರುಕಿ ತಿರುವಿದ. ಸಾಸಿವೆಯಷ್ಟಿದ್ದ ತೂತು ಜೋಳದ ಕಾಳಿನಷ್ಟಾಯಿತು. ಈ ಸಲ ಒದ್ದಾಗ ಓಣಿಯ ಕೋಳಿಗಳೆಲ್ಲ ಮಾಳಿಗೆ ಏರಿದವು.

"ಇನ್ನ ಏರಲ್ರಿ, ಗುಡ್ಡಾನೂ ಹತ್ತತದ," ಎಂದ ಗನಿ. "ನಿಂದರತದೇನು ಅಂತ ಮಾತ್ರ ನನಗ ಕೇಳಬ್ಯಾಡ್ರಿ."

ಮಳಖೇಡದ ಏರು ಬಂದದ್ದೂ ಹೋದದ್ದೂ ರೇವಣಪ್ಪನಿಗೆ ತಿಳಿಯಲಿಲ್ಲ. ರುಮಾಲು ಹಾರಿ ಕಾಗಿಣಾ ನದಿಯ ಕಡೆ ಹೋಯಿತು. ಬಂಡಿಯವನೊಬ್ಬ ಎತ್ತು ಬಿಟ್ಟು ಹೊಲಕ್ಕೆ ಹಾರಿದ. ಸಂತೋಷದಿಂದ ರೇವಣಪ್ಪ ಹೋ ಎಂದು ಕೂಗಿದ. ಆಮೇಲೆ ವೇಗ ಇಳಿಸಲು ನೋಡಿದ. ಇಳಿಯಲಿಲ್ಲ. ಹುಣಸೆಯ ಅಂಟಿಗೆ ಕಾರ್ಬುರೇಟರಿನ ಬಾಯಿ ತೆರೆದದ್ದು ತೆರೆದೇ ಕೂತಿತ್ತು. ಹೋ ಎಂಬ ಕೂಗು ಅಯ್ಯೋ ಆಯಿತು.

ಚಿತ್ತಾಪುರದಲ್ಲಿ ನಾಗೇಂದ್ರಪ್ಪನ ಅಂಗಳಕ್ಕೆ ಹಾಗೇ ನುಗ್ಗಿದ. ಬಾವಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಜೋಳದ ಕಣಿಕೆಯ ಬಣವೆಯೊಳಗೆ ಸ್ಕೂಟರ್ ಸಮೇತ ಹೊಕ್ಕ. ಅಲ್ಲಿ ಎಂಜಿನ್ ಉಸಿರು ಬಿಟ್ಟಿತು.

ನಾಗೇಂದ್ರಪ್ಪ ಓಡಿಬಂದು ಕಾಲು ಹಿಡಿದು ಎಳೆದರು. "ಬರ್ರಿ, ಬರ್ರಿ! ಪೆಟ್ಟಾಗಿಲ್ಲಲ್ರಿ? ರೈಲಿಗಿ ಬರ್ತೀರಿ ಅಂತ ಮಾಡಿದ್ದೆ."

ಬಾಯೊಳಗಿನ ಹುಲ್ಲು ಉಗಿದು ರೇವಣಪ್ಪ ಎದೆ ಸೆಟೆಸಿದ. "ಸ್ಕೂಟರಿಗೇ ಬಂದೆ. ಮಳಖೇಡದ ಏರು ಒಂದ ಉಸುರಿಗಿ ಹತ್ತಿತ್ರಿ! ದೊಡ್ಡ ಕಾರ್ಬುರೇಟರ್ ಹಾಕಿಸೀನಿ. ಇನ್ನ ಮ್ಯಾಲ ಸೇಡಂ-ಚಿತ್ತಾಪುರ ಅಂದ್ರ ಪಡಸಾಲಿಯಿಂದ ಅಡಗಿಮನಿಗಿ ಬಂದಂಗ!"

ನಾಗೇಂದ್ರಪ್ಪನ ಮುಖ ಹುಣಸೆ ಬಿದ್ದ ಹಾಲಿನಂತೆ ಒಡೆಯಿತು. ಪಡಸಾಲೆಗೆ ಕರೆದೊಯ್ದರು. ಅಲ್ಲಿ ತಮ್ಮಣ್ಣನ ಪಕ್ಕದಲ್ಲಿ ದಪ್ಪನೆಯ ಗೃಹಸ್ಥನೊಬ್ಬ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತಿದ್ದ.

"ಇವರು ನಮ್ಮ ಹಿರೇ ಅಳಿಯಂದಿರು, ಶಹಾಬಾದದವರು," ಎಂದರು ನಾಗೇಂದ್ರಪ್ಪ. ಆಮೇಲೆ ರೇವಣಪ್ಪನನ್ನು ಮೂಲೆಗೆ ಸರಿಸಿ ದನಿ ತಗ್ಗಿಸಿದರು. "ಹ್ವಾದ ವರ್ಷ ಫಟಫಟಿ ಮೋಟಾರ್ ಸೈಕಲ್ಲು ತಗೊಂಡ್ರು, ತಮ್ಮಾ. ಅವತ್ತಿನಿಂದ ವಾರಕ್ಕ ಮೂರು ಸಲ ಬರ್ತಾರ. ಅಳಿಯ ಬಂದಾಗ ಹೋಳಿಗಿ ಮಾಡ್ದೇ ಇರಲಿಕ್ಕಾಗತದೇನು? ಕಡ್ಲಿ ಡಬ್ಬಿ ಖಾಲಿ, ತುಪ್ಪದ ಗಡಿಗಿ ಖಾಲಿ. ನಿನ್ನ ಗಾಡಿ ಏರಿನಾಗ ಹಿಂದಕ್ಕ ಜಾರತದ ಅಂತ ತಮ್ಮಣ್ಣ ಅಂದಾಗ, ಬಸವಣ್ಣ ಕಣ್ಣು ತೆರೆದ ಅಂತ ನಕ್ಕಿದ್ದೆ ನಾನು!"

ರೇವಣಪ್ಪ ನಾಗೇಂದ್ರಪ್ಪನ ಕೈ ಹಿಡಿದ. "ಹಳೇ ಕಾರ್ಬುರೇಟರೇ ಮತ್ತ ಹಾಕಸ್ತೀನ್ರಿ! ಇವತ್ತೇ ಹಾಕಸ್ತೀನಿ!"

"ಬ್ಯಾಡ ತಮ್ಮಾ. ಮೇವಿನ ದಾರಿ ಕಂಡ ಎತ್ತಿಗಿ ಹಗ್ಗ ಸಣ್ಣದು ಕಟ್ಟಿದ್ರೇನು, ದೊಡ್ಡದು ಕಟ್ಟಿದ್ರೇನು?"

ಒಳಗಿನಿಂದ ಹೆಂಡತಿಯ ದನಿ ಕೇಳಿತು. "ಸೇಡಂದವ್ರು ಬಂದ್ರೇನ್ರಿ? ಹೋಳಿಗಿ ಬಡಸ್ಲ್ಯಾ?"

ನಾಗೇಂದ್ರಪ್ಪ ಬಣವೆಯತ್ತ ನೋಡಿದರು, ಹಿರಿಯ ಅಳಿಯನ ತಟ್ಟೆಯತ್ತ ನೋಡಿದರು.

"ಚಾ ಕೊಡು," ಎಂದರು. "ಅರ್ಧ ಕಪ್ಪು."