ದನದ ದವಾಖಾನೆಯಲ್ಲಿ ಯೋಗಾಸನ

ನನ್ನ ಸೋದರಮಾವನಿಗೆ ಮನುಷ್ಯರಿಗೂ ದನಗಳಿಗೂ ಇರುವ ವ್ಯತ್ಯಾಸ ಎಂದೂ ಸರಿಯಾಗಿ ತಿಳಿಯಲಿಲ್ಲ. ಇದನ್ನು ಅವನ ಎದುರಿಗೇ ಹೇಳಿದರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. "ಸಣ್ಣಗ ಮಾತಾಡು ಬೇ, ದನ ಕೇಳಿಸಿಕೊಂಡ್ರ ಅವಕ್ಕ ಕೆಟ್ಟ ಅನಸ್ತದ" ಎನ್ನುತ್ತಿದ್ದ!

ಎಪ್ಪತ್ತರ ದಶಕದ ಕೊನೆಯ ಮಾತು. ಮಾವ ದೇವದುರ್ಗದ ದನದ ದವಾಖಾನೆಯಲ್ಲಿ ಕಂಪೌಂಡರ್. ನಾವು ಮಾನ್ವಿಯವರು. ಶಾಲೆಗೆ ಸೂಟಿ ಬಿಟ್ಟ ಮರುದಿನವೇ ಅವ್ವ ನನ್ನನ್ನು ದೇವದುರ್ಗದ ಬಸ್ಸು ಹತ್ತಿಸಿಬಿಡುತ್ತಿದ್ದಳು. ಮನೆಗೆ ಯಾರೇ ಬರಲಿ, ಮಾವ ಮೊದಲು ಅವರ ಮುಖ ನೋಡುತ್ತಿರಲಿಲ್ಲ, ನಡಿಗೆ ನೋಡುತ್ತಿದ್ದ. ಆಮೇಲೆ ಬೆನ್ನ ಮೇಲೊಂದು ಏಟು ಹಾಕಿ, "ಮೇವು ಸರಿಯಾಗಿ ಹೊಂಟದಿಲ್ಲೋ?" ಎಂದು ವಿಚಾರಿಸುತ್ತಿದ್ದ. ನಮ್ಮ ಅಕ್ಕನನ್ನು ನೋಡಲು ಬಂದ ವರನ ಬಾಯಿ ತೆರೆಸಿ ಹಲ್ಲು ನೋಡಿ, "ಇವರು ಹೇಳಿದ್ದಕ್ಕಿಂತ ನಾಕು ವರ್ಷ ಜಾಸ್ತಿ ಆಗ್ಯಾವು" ಎಂದುಬಿಟ್ಟಿದ್ದ. ಎರಡೂ ಕಡೆಯವರು ಕೆಂಡವಾದರು. ಆಮೇಲೆ ವಿಚಾರಿಸಿದರೆ ಲೆಕ್ಕ ಸರಿಯಾಗಿತ್ತು! ಮದುವೆಯೇನೋ ಆಯಿತು. ಆದರೆ ನಮ್ಮ ಭಾವ ಇವತ್ತಿಗೂ ಮಾವನ ಮುಂದೆ ಬಾಯಿ ಮುಚ್ಚಿಕೊಂಡೇ ನಗುತ್ತಾರೆ.

ಇಂಥವನಿಗೆ ಯೋಗದ ಹುಚ್ಚು ಹಿಡಿದದ್ದು ಮಾನ್ವಿಯಲ್ಲಿ, ನಮ್ಮ ಮನೆಗೆ ಬಂದಿದ್ದಾಗ. ಎಲ್ಲಿಂದಲೋ ಯೋಗದ ಗುರುಗಳೊಬ್ಬರು ಬಂದು ಹತ್ತು ದಿನದ ಶಿಬಿರ ನಡೆಸುತ್ತಿದ್ದರು. ಗೋಡೆಗೆ ಹಚ್ಚಿದ್ದ ಆಸನಗಳ ಪಟ್ಟಿಯನ್ನು ಮಾವ ನಿಂತು ಓದಿದ. ಗೋಮುಖಾಸನ, ಉಷ್ಟ್ರಾಸನ, ಕುಕ್ಕುಟಾಸನ, ಮತ್ಸ್ಯಾಸನ! "ಇದೆಲ್ಲ ನಮ್ಮ ಇಲಾಖಾದ್ದು!" ಎಂದವನೇ ಒಳಗೆ ನುಗ್ಗಿ ಹೆಸರು ಬರೆಸಿಬಿಟ್ಟ.

ಮೂರು ದಿನ ಸುಮ್ಮನಿದ್ದನಂತೆ. ನಾಲ್ಕನೆಯ ದಿನ ಪದ್ಮಾಸನ. ಮುಂದಿನ ಸಾಲಿನಲ್ಲಿ ಕಲ್ಲೂರಿನ ರೈತನೊಬ್ಬ ಕೂತಿದ್ದ. ಎಷ್ಟು ತಿಣುಕಿದರೂ ಅವನ ಮೊಣಕಾಲು ನೆಲಕ್ಕಿಳಿಯಲಿಲ್ಲ. ಗುರುಗಳು ಎರಡೂ ಕೈಯಿಂದ ಅದನ್ನು ಒತ್ತಲು ಹೋದರು. ಹಿಂದಿನ ಸಾಲಿನಿಂದ ಮಾವ ಕೂಗಿದ.

"ಬಿಡ್ರಿ ಸ್ವಾಮೇರ! ಅದರ ಸೊಂಟದ ಕೀಲಿನ ಕುಣಿ ಆಳ ಅದ. ಒತ್ತಿದ್ರ ತೊಡಿ ಇಳಿಯಂಗಿಲ್ಲ, ಮಂಡಿ ಹರೀತದ!"

'ಅದರ' ಎಂದದ್ದು ಆ ರೈತನಿಗೆ, ಪಾಪ!

"ಆಸನವನ್ನು ಋಷಿಗಳು ಹೇಳಿದ ಹಾಗೆಯೇ ಮಾಡಬೇಕು" ಎಂದರು ಗುರುಗಳು.

"ಋಷಿಗಳು ಇವನ ಸೊಂಟ ನೋಡಿದ್ರೇನ್ರಿ?" ಎಂದ ಮಾವ.

ಅಲ್ಲಿಗೆ ಅವನ ಗುರುಕುಲವಾಸ ಮುಗಿಯಿತು. ಅವನನ್ನು ಹೊರಗೆ ಕಳಿಸಿದಾಗ ಕಲ್ಲೂರಿನ ರೈತನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದ. "ನನ್ನ ಮಂಡಿ ಉಳಿಸಿದ್ರಿ ಯಪ್ಪಾ" ಎಂದು ಕೈಮುಗಿದನಂತೆ. ಗುರುವಿನಿಂದ ತಪ್ಪಿಸಿಕೊಂಡು ಬಂದವನೇ ಮಾವನ ಮೊದಲ ಶಿಷ್ಯ!

ಮಾವ ದೇವದುರ್ಗಕ್ಕೆ ಮರಳಿ ತನ್ನದೇ ಯೋಗಶಾಲೆ ತೆರೆದ. ಎಲ್ಲಿ ಎನ್ನುತ್ತೀರಿ? ದನದ ದವಾಖಾನೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ. ಬೆಳಿಗ್ಗೆ ದನಗಳು ಬರುವುದಕ್ಕೆ ಮುಂಚೆ ಮನುಷ್ಯರ ಪಾಳಿ. ಅವನ ಸಿದ್ಧಾಂತ ಒಂದೇ. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳೂ ಒಂದೇ ಥರ ಮಲಗುವುದಿಲ್ಲ, ಹಾಗಿರುವಾಗ ಒಂದು ಊರಿನ ಮಂದಿಯೆಲ್ಲ ಒಂದೇ ಥರ ಕಾಲು ಮಡಚಬೇಕೆಂದರೆ ಹೇಗೆ? ಆಸನಕ್ಕೆ ಮನುಷ್ಯನನ್ನು ಬಗ್ಗಿಸಬಾರದು, ಮನುಷ್ಯನಿಗೆ ಆಸನವನ್ನು ಬಗ್ಗಿಸಬೇಕು. ಹೊಸಬರು ಯಾರೇ ಬಂದರೂ ಅಂಗಳದ ತುಂಬ ನಡೆಸಿ, ಓಡಿಸಿ, ಸೊಂಟದ ಎಲುಬು ಮುಟ್ಟಿ ನೋಡಿಯೇ ಮುಂದಿನ ಮಾತು.

ಕಚೇರಿಯ ಗುಮಾಸ್ತರೊಬ್ಬರು ಬರುತ್ತಿದ್ದರು. ಅವರು ಬರುವುದಕ್ಕಿಂತ ಒಂದು ಕ್ಷಣ ಮೊದಲು ಅವರ ಹೊಟ್ಟೆ ಬರುತ್ತಿತ್ತು. ಕಾಲು ಚಾಚಿ ಮುಂದಕ್ಕೆ ಬಾಗಿ ಎಂದರೆ ಎಲ್ಲಿಂದ ಬಾಗಿಯಾರು? ಮಾವ ಅವರ ಎರಡೂ ಕಾಲುಗಳನ್ನು ಅಗಲ ಮಾಡಿಸಿ, ನಡುವೆ ಹೊಟ್ಟೆಯನ್ನು ಇಳಿಬಿಡಿಸಿದ. "ಅದಕ್ಕೂ ಜರಾ ಜಾಗಾ ಕೊಡ್ರಿ ಸಾಹೇಬ್ರ, ಅದೂ ನಿಮ್ಮದ ಅಲ್ಲೇನ್ರಿ!" ಗುಮಾಸ್ತರು ಆರಾಮಾಗಿ ಬಾಗಿ ಬೇವಿನ ಎಲೆಯೊಂದನ್ನು ಎತ್ತಿಕೊಂಡು ಬಂದರು. ಆ ಎಲೆಯನ್ನು ಅಂದು ಇಡೀ ಕಚೇರಿಗೆ ತೋರಿಸಿದರು.

ಇನ್ನೊಬ್ಬರು ಹೆಡ್‌ಮಾಸ್ತರರು. ತೆಂಗಿನ ಮರದಷ್ಟು ಎತ್ತರ, ಆದರೆ ಕೈ ಪಾದಕ್ಕೆ ಎಟುಕುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವರ ಹೆಂಡತಿ ಅವರನ್ನು ಮೈಗಳ್ಳ ಎಂದು ಬಯ್ಯುತ್ತಿದ್ದರು, ಮಾಸ್ತರರೂ ಅದನ್ನು ನಂಬಿದ್ದರು. ಮಾವ ಅವರ ತೋಳು ಅಳೆದು ನೋಡಿ, "ಮಾಸ್ತರ್, ನೀವು ಮೈಗಳ್ಳರಲ್ರಿ. ನಿಮ್ಮ ಕೈ ಗಿಡ್ಡ ಅದಾವು, ಅಷ್ಟ!" ಎಂದ. ಕರು ಕಟ್ಟುವ ಹಗ್ಗವನ್ನು ಅವರ ಪಾದಕ್ಕೆ ಹಾಕಿ ಎರಡು ತುದಿ ಕೈಗೆ ಕೊಟ್ಟ. ಮಾಸ್ತರರಿಗೆ ಕಣ್ಣಲ್ಲಿ ನೀರು ಬಂತು. ಬೆನ್ನು ಎಳೆದದ್ದಕ್ಕೋ, ಕಳಂಕ ಕಳೆದದ್ದಕ್ಕೋ, ನನಗೆ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಸರಿ. ಮಾವ ಶಿಷ್ಯರ ವಿವರಗಳನ್ನೆಲ್ಲ ದನಗಳ ದಾಖಲೆಪುಸ್ತಕದಲ್ಲೇ ಬರೆದಿಡುತ್ತಿದ್ದ! ಬೇರೆ ಪುಸ್ತಕ ಇರಲಿಲ್ಲ, ನಿಜ. ಆದರೆ ಅಲ್ಲಿನ ಕಾಲಂಗಳನ್ನೂ ಬಿಡದೆ ತುಂಬಬೇಕೇ? ರಾಯಚೂರಿನಿಂದ ತಪಾಸಣೆಗೆ ಬಂದ ಸಾಹೇಬರು ಪುಟ ತಿರುವಿ, ಕನ್ನಡಕ ಒರೆಸಿಕೊಂಡು ಜೋರಾಗಿ ಓದಿದರು. "ಹೆಡ್‌ಮಾಸ್ತರ್. ಬಣ್ಣ ಗೋಧಿ. ವಯಸ್ಸು ಐವತ್ತೆರಡು. ಕೊಂಬು ಇಲ್ಲ. ಮುಂದಿನ ಕಾಲು ಗಿಡ್ಡ. ಏನಪಾ ಇದು? ಯಾರದು ಈ ಪ್ರಾಣಿ?"

"ಅವರ ಹೆಂಡ್ತಿದ್ರಿ" ಎಂದ ಮಾವ ಕೈಕಟ್ಟಿಕೊಂಡು.

ಸಾಹೇಬರು ಸಿಟ್ಟು ಮಾಡಬೇಕೆಂದು ಬಾಯಿ ತೆರೆದರು. ನಗು ಬಂತು. ನಕ್ಕರೆ ಸೊಂಟ ಹಿಡಿಯಿತು. ಸಂಜೆಯ ಬಸ್ಸಿಗೆ ಅವರು ಹೋಗುವ ಹೊತ್ತಿಗೆ ಆ ಪುಸ್ತಕದಲ್ಲಿ ಅವರ ಹೆಸರೂ ಸೇರಿತ್ತು. ಕೊಂಬಿನ ಕಾಲಂ ಮಾತ್ರ ಮಾವ ಮರ್ಯಾದೆಗಾಗಿ ಖಾಲಿ ಬಿಟ್ಟಿದ್ದ.

ಅತ್ತೆಯನ್ನೂ ಬಿಟ್ಟನೇ? ಅವಳ ಹಿಮ್ಮಡಿ ನೋಡಿ, "ನೀ ನಿಲ್ಲೂದು ಜಾಸ್ತಿ ಆಗ್ಯದ. ಮಧ್ಯಾಹ್ನ ಅರ್ಧ ತಾಸು ಶವಾಸನ" ಎಂದು ತೀರ್ಪು ಕೊಟ್ಟ. "ರೊಟ್ಟಿ ಯಾರು ಬಡೀತಾರ?" ಎಂದಳು ಅತ್ತೆ. "ನಾನಾ!" ಎಂದು ಹಿಟ್ಟಿಗೆ ಕೈಹಾಕಿದ. ಅತ್ತೆ ಒಂದು ತುತ್ತು ಮುರಿಯಲು ನೋಡಿ, ಮುರಿಯದೆ, ರೊಟ್ಟಿಯನ್ನು ತಟ್ಟೆಗೆ ಬಡಿದು ಸದ್ದು ಕೇಳಿಸಿಕೊಂಡಳು. "ನಿಮ್ಮ ರೊಟ್ಟಿ ತಿಂದ್ರ ಶವಾಸನ ತಾನಾ ಬರ್ತದ ಬಿಡ್ರಿ!"

ಇನ್ನು ನನ್ನ ವಿಷಯ. ನನ್ನ ಬಲಸೊಂಟ ಹುಟ್ಟಿದಾಗಿನಿಂದ ಕೀಲು ತಪ್ಪಿದ್ದು. ನಡೆದರೆ ಮೈ ಒಂದು ಕಡೆ ತೂಗುತ್ತದೆ, ಆ ಕಾಲು ಪೂರ್ತಿ ಮಡಚುವುದಿಲ್ಲ. ನನ್ನನ್ನು ನೋಡಿದವರೆಲ್ಲ ಒಂದು ನಿಟ್ಟುಸಿರು ಬಿಟ್ಟೇ ಮಾತು ಶುರು ಮಾಡುತ್ತಿದ್ದರು. ಆ ನಿಟ್ಟುಸಿರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ನಾಲಿಗೆ ಚೂಪಾದದ್ದು ಅಲ್ಲಿಂದಲೇ. ಮಾವ ಮಾತ್ರ ನಿಟ್ಟುಸಿರು ಬಿಡಲಿಲ್ಲ. ಸೊಂಟ ಮುಟ್ಟಿ ನೋಡಿ ಅವ್ವನಿಗೆ ಹೇಳಿದ. "ತೊಡಿ ಎಲುಬಿನ ಗುಂಡು ಕುಣಿ ಬಿಟ್ಟು ಮ್ಯಾಲ ಕುಂತದ ಅಕ್ಕಾ. ಇರ್ಲಿ ಬಿಡು, ಅಲ್ಲೇ ಮನಿ ಮಾಡಿಕೊಂಡದ. ಇನ್ನ ಆ ಮನ್ಯಾಗ ಹೆಂಗ ಬಾಳುವೆ ಮಾಡೂದು ನೋಡೂಣು."

ಮುಂದೆ ಟೀಚರ್ ಟ್ರೇನಿಂಗ್ ಮುಗಿಸಿ ನಾನು ಮನೆಯಲ್ಲಿದ್ದಾಗ ಒಂದು ದಿನ ಸರ್ಕಾರದ ಲಕೋಟೆ ಬಂತು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಹಾಕಿದ್ದರು! ನಮ್ಮ ಮನೆತನದಲ್ಲಿ ಕುರಿ ಎಣಿಸಿದವರಿದ್ದರು, ಮಕ್ಕಳ ಹಾಜರಿ ಕರೆದವರು ಯಾರೂ ಇರಲಿಲ್ಲ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಲಕೋಟೆಯ ಕೆಳಗಿನ ಸಾಲು ಓದಿದೆ. ಒಂದು ತಿಂಗಳೊಳಗೆ ರಾಯಚೂರಿನ ದೊಡ್ಡ ದವಾಖಾನೆಯಿಂದ ಮೈ ನೆಟ್ಟಗಿದೆ ಎಂಬ ಸರ್ಟಿಫಿಕೇಟು ತರಬೇಕು. ಅಲ್ಲಿ ಡಾಕ್ಟರು ನೆಲದ ಮೇಲೆ ಕೂರಿಸಿ, ಏನನ್ನೂ ಹಿಡಿಯದೆ ಎದ್ದೇಳಿ ಎನ್ನುತ್ತಾರೆಂದು ಹೋಗಿ ಬಂದ ಗೆಳತಿ ಹೇಳಿದಳು. ಗೋಡೆಯೋ ಯಾರದಾದರೂ ಕೈಯೋ ಸಿಗದೆ ನಾನು ಜನ್ಮದಲ್ಲಿ ನೆಲದಿಂದ ಎದ್ದವಳಲ್ಲ. ಸಕ್ಕರೆ ಹಂಚಿದ ಕೈಯಿಂದಲೇ ಅವ್ವ ಕಣ್ಣೊರೆಸಿಕೊಂಡಳು. ಮರುದಿನ ನಾನು ದೇವದುರ್ಗದಲ್ಲಿದ್ದೆ.

ಮೊದಲ ವಾರ ಬರೀ ಬೀಳುವುದೇ ಆಯಿತು. ಮಾವ ಹೇಳಿದಂತೆ ಮಾಡುವುದು, ಬೀಳುವುದು. ಇನ್ನೊಂದು ಥರ ಮಾಡುವುದು, ಇನ್ನೊಂದು ಥರ ಬೀಳುವುದು. ಎಂಟನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು.

"ಸಾಕು ಮಾಡು ಮಾವಾ! ನಿನ್ನ ಎರಡೂ ಕಾಲು ನೆಟ್ಟಗ ಅದಾವು. ನನ್ನ ಕಾಲಿನ ಸುದ್ದಿ ನಿನಗೇನು ಗೊತ್ತು? ನಿನ್ನ ದನಕ್ಕ ಹೇಳಿಕೋ ಹೋಗು!"

ಮಾವ ಎದ್ದು ಹೋದ. ಮುಂದಿನ ಮೂರು ದಿನ ಚಹಾ ಕುಡಿಯುವುದಕ್ಕೂ ನಿಲ್ಲದೆ ದವಾಖಾನೆಗೆ ಹೋಗುತ್ತಿದ್ದ, ಸಂಜೆ ಕುಂಟುತ್ತ ಬರುತ್ತಿದ್ದ. ಅತ್ತೆ ಕೇಳಿದರೆ "ಎಮ್ಮಿ ಒದೀತು" ಎಂದ. "ಬೇಷ್ ಆತು!" ಎಂದೆ ನಾನು. ನನ್ನ ನಾಲಿಗೆ ಹೇಳಿದೆನಲ್ಲ!

ನಾಲ್ಕನೆಯ ದಿನ ಅವನು ನಗುತ್ತ ಬಂದ. "ಯವ್ವಾ, ತಪ್ಪು ನಂದಾ. ಕುದುರಿ ಏಳಬೇಕಾದ್ರ ಮುಂದಿನ ಕಾಲ ಮ್ಯಾಲ ಏಳತದ, ಆಕಳಾ ಹಿಂದ್ಲಿಂದ ಏಳತದ. ಇಷ್ಟು ದಿನ ನಿನ್ನ ಕುದುರಿ ಮಾಡಾಕ ಹೋಗಿದ್ದೆ ನೋಡು. ನಮ್ಮ ಮನ್ಯಾಗ ಯಾರರ ಕುದುರಿ ಅದಾರೇನು?"

ಎರಡೂ ಅಂಗೈ ನೆಲಕ್ಕೆ. ಎಡಮೊಣಕಾಲು ಹೊಟ್ಟೆಯ ಕೆಳಗೆ. ಬಲಗಾಲನ್ನು ಅದರ ಪಾಡಿಗೆ ಹಿಂದೆ ಚಾಚಿಬಿಡಬೇಕು, ಅದಕ್ಕೆ ಕೆಲಸ ಹೇಳಬಾರದು. ಮೊದಲು ಸೊಂಟ ಮೇಲೆ, ಆಮೇಲೆ ಕೈ ಎಡತೊಡೆಯ ಮೇಲೆ, ಕಡೆಗೆ ತಲೆ. ಮೊದಲ ಸಲವೇ ಅರ್ಧ ಎದ್ದೆ. ಹತ್ತನೆಯ ಸಲಕ್ಕೆ ಬೇವಿನ ಗಿಡದ ಕೆಳಗೆ ನೆಟ್ಟಗೆ ನಿಂತಿದ್ದೆ. ಗುಮಾಸ್ತರು, ಹೆಡ್‌ಮಾಸ್ತರರು ಚಪ್ಪಾಳೆ ಹೊಡೆದರು. ಕಟ್ಟಿದ್ದ ಆಕಳೊಂದು ಮಾತ್ರ ಇದರಲ್ಲೇನು ವಿಶೇಷ ಎಂಬಂತೆ ನೋಡಿತು!

ರಾಯಚೂರಿನಲ್ಲಿ ಡಾಕ್ಟರು ಮೈಸೂರು ಕಡೆಯವರು. ಮಾವನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ನನ್ನ ನಡಿಗೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

"ಕೆಳಗೆ ಕೂತು ಏಳಮ್ಮ. ಏನೂ ಹಿಡೀಬಾರದು."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ಎದ್ದೆ.

"ಇನ್ನೊಂದು ಸಲ."

ಮೂರು ಸಲ ಕೂತೆ, ಮೂರು ಸಲ ಎದ್ದೆ. ಡಾಕ್ಟರು ಖುರ್ಚಿ ಬಿಟ್ಟು ಬಂದು ಬಗ್ಗಿ ನೋಡಿದರು. "ಯಾವ ಆಸ್ಪತ್ರೆಯಲ್ಲಿ ಹೇಳಿಕೊಟ್ಟರು?"

"ದೇವದುರ್ಗದ ದನದ ದವಾಖಾನ್ಯಾಗರೀ."

ಅವರು ನಗಲಿಲ್ಲ. ಮಾವನನ್ನು ಒಳಗೆ ಕರೆಸಿದರು. "ಈ ಕಾಲಿನ ಮೇಲೆ ಭಾರ ಯಾವಾಗ ಬಿದ್ದರೆ ಇವರು ಬೀಳ್ತಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ನೋಡಿ ತಿಳಿಯೋ ವಿಷಯ ಅಲ್ಲ ಇದು."

ಇನ್ನು ಆಕಳ ಪುರಾಣ ಶುರುವಾಯಿತು, ಸರ್ಟಿಫಿಕೇಟು ಕೈಬಿಟ್ಟಿತು ಎಂದುಕೊಂಡೆ. ಮಾವ ನೆಲ ನೋಡುತ್ತ ಮೆಲ್ಲಗೆ ಹೇಳಿದ.

"ಈಕಿ ಒಂದಿನ ಅಂದ್ಳ್ರಿ, ನನ್ನ ಕಾಲಿನ ಸುದ್ದಿ ನಿನಗೇನು ಗೊತ್ತು ಅಂತ. ಖರೇ ಅನಸ್ತು. ದನದ ಕಾಲು ಮುರಿದ್ರ ಕಟ್ಟೂ ಬಿದಿರಿನ ಪಟ್ಟಿ ಇರ್ತಾವಲ್ರಿ, ಅವನ್ನ ಸೊಂಟದಿಂದ ಮೊಣಕಾಲತನಕ ಬಿಗಿದು ಕಟಗೊಂಡೆ. ಹಿಂದಿನ ಖೋಲ್ಯಾಗ ಮೂರು ದಿನ ಕುಂತು ಏಳೂದು, ಕುಂತು ಏಳೂದು. ಬಿದ್ದು ಬಿದ್ದು ತಿಳೀತ್ರಿ."

ಡಾಕ್ಟರು ಅವನ ತೋಳುಗಳನ್ನು ಹಿಡಿದು ಅಂಗಿ ಮೇಲೆ ಸರಿಸಿದರು. ಎರಡೂ ಮೊಣಕೈಗಳ ಗಾಯ ಒಣಗಿ ಕಪ್ಪಾಗಿತ್ತು. ಇಷ್ಟು ದಿನ ಜೊತೆಗಿದ್ದೂ ನಾನು ಅದನ್ನು ನೋಡಿರಲಿಲ್ಲ. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಡಾಕ್ಟರು ಹೋಗಿ ಕೂತು, ಪೆನ್ನಿನ ಮುಚ್ಚಳ ತೆಗೆದು, ಸಹಿ ಮಾಡಿದರು.

ಹೊರಗಿನ ಮೊಗಸಾಲೆಯಲ್ಲಿ ರೋಗಿಗಳ ಸಾಲು ಕೂತಿತ್ತು. ನಾನು ಅದುವರೆಗೆ ಯಾರ ಕಾಲಿಗೂ ಬಿದ್ದು ನಮಸ್ಕಾರ ಮಾಡಿದವಳಲ್ಲ, ಬಿದ್ದರೆ ಏಳಲಾರೆನೆಂದು ಹಬ್ಬಹುಣ್ಣಿಮೆಗಳಲ್ಲೂ ನಿಂತೇ ಕೈಮುಗಿಯುತ್ತಿದ್ದೆ. ಅಂದು ಆ ಮಂದಿಯ ನಡುವೆಯೇ ಕೆಳಗೆ ಕೂತು ಮಾವನ ಪಾದದ ಮೇಲೆ ಹಣೆಯಿಟ್ಟೆ. "ಏ, ಏನ್ ಬೇ ಇದು, ಮಂದಿ ನೋಡತಾರ" ಎನ್ನುತ್ತ ಅವನು ನನ್ನನ್ನು ಎಬ್ಬಿಸಲು ಕೈ ಚಾಚಿದ. ಆಮೇಲೆ ಏನೋ ನೆನಪಾದವನಂತೆ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಅಂಗೈಗಳನ್ನು ನೆಲಕ್ಕೂರಿ, ನನ್ನ ರೀತಿಯಲ್ಲಿ ಎದ್ದು ಅವನ ಎದುರು ನಿಲ್ಲುವವರೆಗೂ ಅದನ್ನು ಬೆನ್ನ ಹಿಂದೆಯೇ ಹಿಡಿದುಕೊಂಡಿದ್ದ.