ಕನ್ನಡಿ ಇಲ್ಲದ ಕ್ಯಾಮೆರಾ

ಇನ್ನು ಮುಂದೆ ನಮ್ಮ ಮನೆತನದಲ್ಲಿ ಯಾರೂ ಫೋಟೋದಲ್ಲಿ ಕೆಟ್ಟದಾಗಿ ಕಾಣಿಸಕೂಡದು ಎಂದು ನಾನು ಆಜ್ಞೆ ಹೊರಡಿಸಿದೆ. ಹಾಗೆ ಆಜ್ಞೆ ಹೊರಡಿಸುವ ಅಧಿಕಾರ ನನಗೆ ಬಂದದ್ದು ಹೊಸ ಕ್ಯಾಮೆರಾದಿಂದ. ಅಂತಿಂಥ ಕ್ಯಾಮೆರಾ ಅಲ್ಲ. ವೃತ್ತಿಪರರು ಕೊರಳಿಗೆ ನೇತುಹಾಕಿಕೊಂಡು, ಆಮೇಲೆ ಕೊರಳು ನೋವೆಂದು ಹೆಮ್ಮೆಯಿಂದ ಹೇಳಿಕೊಳ್ಳುವಂಥ ಮಿರರ್‌ಲೆಸ್ ಕ್ಯಾಮೆರಾ. ಅದನ್ನು ಮನೆಗೆ ತಂದ ದಿನವೇ ನನಗೆ ಕೊರಳು ತಿರುಗಿಸಲಾಗದಂತಾಯಿತು. ಅಂದರೆ ಅರ್ಧ ವೃತ್ತಿಪರನಾಗಿಯೇಬಿಟ್ಟೆ.

"ಮಿರರ್‌ಲೆಸ್ ಅಂದ್ರೆ ಏನು?" ಎಂದು ಕೇಳಿದರು ಅತ್ತೆ. ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಯಲ್ಲೇ ಇದ್ದಾರೆ.

"ಒಳಗೆ ಕನ್ನಡಿ ಇರಲ್ಲ ಅಂತ ಅರ್ಥ, ಅತ್ತೆ."

"ಅಯ್ಯೋ ಪಾಪ. ತೊಗೊಳ್ಳೋವಾಗ ನೋಡ್ಕೋಬಾರದಿತ್ತಾ?"

"ಹಾಗಲ್ಲ. ಇಲ್ಲದೇ ಇರೋದೇ ಅದರ ವಿಶೇಷ."

"ಹಾಗಂತ ಅಂಗಡಿಯವನು ಹೇಳಿದ್ನಾ?"

ಅಡುಗೆಮನೆಯಿಂದ ಹೆಂಡತಿ ಉತ್ತರಿಸಿದಳು. "ಬಿಡಮ್ಮ. ಏನಾದ್ರೂ ಒಂದು ಇಲ್ಲ ಅಂದ್ರೆ ಇವರು ಜಾಸ್ತಿ ದುಡ್ಡು ಕೊಟ್ಟು ತರ್ತಾರೆ. ಸಕ್ಕರೆ ಇಲ್ಲದ ಬಿಸ್ಕತ್ತು ಆಯ್ತು, ಕೆನೆ ಇಲ್ಲದ ಹಾಲು ಆಯ್ತು, ಈಗ ಕನ್ನಡಿ ಇಲ್ಲದ ಕ್ಯಾಮೆರಾ."

ಹೀಗೆ ಮಾತಾಡಲು ಅವಳಿಗೆ ಧೈರ್ಯ ಕೊಟ್ಟದ್ದು ಅವಳದೇ ಒಂದು ಹಳೆಯ ಕ್ಯಾಮೆರಾ. ಜೇಬಿನೊಳಗೆ ಅಡಗುವಂಥದ್ದು. ನೋಡಲು ಥೇಟು ಸೋಪಿನ ಡಬ್ಬಿ. ಆದ್ದರಿಂದ ನಾನು ಅದನ್ನು ಡಬ್ಬಿ ಎಂದೇ ಕರೆಯುವುದು. ಬ್ಯಾಟರಿಯ ಮುಚ್ಚಳದ ಕೊಂಡಿ ಮುರಿದು, ಸೊಪ್ಪಿನ ಕಟ್ಟಿನ ಜೊತೆ ಬಂದ ರಬ್ಬರ್ ಬ್ಯಾಂಡು ಅದರ ಸೊಂಟಕ್ಕೆ ಬಿದ್ದು ಎಷ್ಟೋ ಕಾಲವಾಗಿದೆ. ಅಡುಗೆಮನೆಯ ಡ್ರಾಯರಿನಲ್ಲಿ ಚಮಚ, ಮೇಣದಬತ್ತಿಗಳ ನಡುವೆ ಅದರ ವಾಸ.

ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನಾನು ತುಲನಾತ್ಮಕ ಉಪನ್ಯಾಸ ಕೊಟ್ಟೆ.

"ನೋಡು, ನಿನ್ನ ಡಬ್ಬಿಯೊಳಗೆ ಚಿತ್ರ ಬೀಳೋ ಜಾಗ ಕಿರುಬೆರಳಿನ ಉಗುರಿನಷ್ಟು. ನನ್ನದರಲ್ಲಿ ದೊಡ್ಡ ಅಂಚೆಚೀಟಿಯಷ್ಟು. ನಿನ್ನದಕ್ಕೆ ಹತ್ತಿರದ್ದು ಯಾವುದು, ದೂರದ್ದು ಯಾವುದು ಅನ್ನೋ ವಿವೇಚನೆಯೇ ಇಲ್ಲ. ಮುಂದೆ ಇರೋದೂ ಸ್ಪಷ್ಟ, ಹಿಂದೆ ಇರೋದೂ ಸ್ಪಷ್ಟ. ನನ್ನದು ಹಾಗಲ್ಲ. ಮನುಷ್ಯನ ಕಣ್ಣು ಎಲ್ಲಿದೆ ಅಂತ ತಾನೇ ಹುಡುಕಿ, ಅದನ್ನ ಮಾತ್ರ ಸ್ಪಷ್ಟವಾಗಿ ಹಿಡಿದು, ಉಳಿದದ್ದನ್ನೆಲ್ಲ ಮಸುಕು ಮಾಡುತ್ತೆ. ಅದಕ್ಕೆ ಕಲೆ ಅಂತಾರೆ."

"ಮಸುಕಾಗಿ ಕಾಣ್ಬೇಕಾದ್ರೆ ನಿಮ್ಮ ಕನ್ನಡಕ ತೆಗೆದ್ರೆ ಸಾಕಲ್ಲ ರೀ," ಎಂದು ಅವಳು ಡಬ್ಬಿಯನ್ನು ಎತ್ತಿ ಚಮಚಗಳ ಜೊತೆಗೆ ಸೇರಿಸಿದಳು.

ಕಲೆಯನ್ನು ತೋರಿಸಿಯೇ ಬಾಯಿ ಮುಚ್ಚಿಸಬೇಕು ಎಂದು ಕಾಯುತ್ತಿದ್ದಾಗ ಅವಕಾಶ ತಾನಾಗಿ ಬಂತು. ಅತ್ತೆಯ ತಂಗಿ, ಎಂದರೆ ನನಗೆ ಚಿಕ್ಕತ್ತೆ, ಭಾನುವಾರ ಬೆಳಿಗ್ಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೊರಡುವುದಾಗಿ ಫೋನು ಮಾಡಿದರು. "ಮಂಡಿ ಮತ್ತೆ ಒಪ್ಪುತ್ತೋ ಇಲ್ವೋ ಗೊತ್ತಿಲ್ಲ ಅಕ್ಕ, ಇದೊಂದ್ಸಲ ಬಂದುಬಿಡ್ತೀನಿ. ಜೊತೆಗೆ ಕೂತು ಒಂದು ಫೋಟೋ ತೆಗೆಸ್ಕೊಳ್ಳೋಣ," ಎಂದರಂತೆ. ಫೋನಿಟ್ಟ ಅತ್ತೆ ತಮ್ಮ ಪೆಟ್ಟಿಗೆಯ ತಳದಿಂದ ಒಂದು ಅರ್ಧ ಫೋಟೋ ತೆಗೆದು ನೋಡುತ್ತಾ ಕೂತರು.

ಅದಕ್ಕೆ ಕಾರಣವಿದೆ. ಅಕ್ಕತಂಗಿಯರು ಜೊತೆಗಿರುವ ಫೋಟೋ ಇದ್ದದ್ದು ಒಂದೇ ಒಂದು. ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನದು. ಇಬ್ಬರಿಗೂ ಮದುವೆಯಾದ ಮೇಲೆ ಅದು ಯಾರ ಮನೆಗೆ ಹೋಗಬೇಕು ಎಂದು ಜಗಳ ಹತ್ತಿ, ಅವರ ಅಪ್ಪ ರೋಸಿಹೋಗಿ, ಕತ್ತರಿ ತರಿಸಿ, ನಡುವೆ ಕತ್ತರಿಸಿ ಕೈಗೊಂದು ತುಂಡು ಕೊಟ್ಟಿದ್ದರು. ಅತ್ತೆಯ ತುಂಡಿನಲ್ಲಿ ಅವರ ಭುಜದ ಮೇಲೆ ವಾರಸುದಾರರಿಲ್ಲದ ನಾಲ್ಕು ಬೆರಳು. ಚಿಕ್ಕತ್ತೆಯ ತುಂಡಿನಲ್ಲಿ ಬೆರಳೇ ಇಲ್ಲದ ತೋಳು. ಅಂದಿನಿಂದ ಇಬ್ಬರೂ ಮಾತಾಡಿದ್ದುಂಟು, ಮಾತು ಬಿಟ್ಟದ್ದುಂಟು. ಒಟ್ಟಿಗೆ ಕ್ಯಾಮೆರಾದ ಮುಂದೆ ಕೂತದ್ದು ಮಾತ್ರ ಇಲ್ಲ.

"ಅಳಿಯಂದ್ರೇ, ಚೆನ್ನಾಗಿ ಬರುತ್ತೆ ತಾನೇ?" ಎಂದರು ಅತ್ತೆ.

"ಚರಿತ್ರೆಯಲ್ಲಿ ಉಳಿಯೋ ಹಾಗೆ ಬರುತ್ತೆ," ಎಂದೆ. ಬಾಯಿಂದ ಎಂಥ ಮಾತು ಬಂತೋ.

ಭಾನುವಾರ ನಾನು ವೃತ್ತಿಪರನ ವೇಷ ಧರಿಸಿದೆ. ಕಪ್ಪು ಅಂಗಿ, ಕೆಳಗೆ, ನಾನು ಸಪೂರವಾಗಿದ್ದ ಕಾಲದ ಕಪ್ಪು ಪ್ಯಾಂಟು. ಉಸಿರನ್ನು ಒಳಗೆಳೆದುಕೊಂಡು ಗುಂಡಿ ಹಾಕಿದ ಮೇಲೆ ಆ ಉಸಿರನ್ನು ಬಿಡಲು ಜಾಗ ಉಳಿಯಲಿಲ್ಲ.

"ಆ ಪ್ಯಾಂಟು ಬೇಡ ರೀ."

"ಛಾಯಾಗ್ರಾಹಕರು ಬಿಗಿಯಾದ ಉಡುಪನ್ನೇ ಹಾಕೋದು. ಚುರುಕಾಗಿ ಬಗ್ಗಬೇಕು, ಏಳಬೇಕು."

"ಬಗ್ಗಬೇಡಿ ಅಂತಲೇ ನಾನೂ ಹೇಳ್ತಿರೋದು."

ಊಟ ಮುಗಿಯಿತು. ಅಕ್ಕತಂಗಿಯರು ಮುಖ ತೊಳೆದು, ಒಬ್ಬರ ಸೆರಗನ್ನು ಇನ್ನೊಬ್ಬರು ಸರಿಮಾಡಿ, ಸೋಫಾದ ಮೇಲೆ ಕೂತರು. ಇಬ್ಬರ ಮುಖದಲ್ಲೂ ಶಾಲೆಯ ಮೊದಲ ದಿನದ ಗಾಂಭೀರ್ಯ. ನಾನು ಕ್ಯಾಮೆರಾ ಎತ್ತಿ, ಒಂದು ಕಣ್ಣು ಮುಚ್ಚಿ, ಒತ್ತಿದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ.

ಮಾವನವರು ಬಂದಿದ್ದರು.

ಸೋಫಾದ ಮೇಲಿನ ಗೋಡೆಯಲ್ಲಿ, ಚೌಕಟ್ಟಿನೊಳಗೆ, ತೀರಿಹೋದ ನಮ್ಮ ಮಾವನವರ ಭಾವಚಿತ್ರವಿದೆ. ಬದುಕಿದ್ದಾಗ ನನ್ನ ಮೇಲೆ ಸದಾ ಒಂದು ಕಣ್ಣಿಟ್ಟಿದ್ದವರು. ಅಕ್ಕತಂಗಿಯರ ಕನ್ನಡಕದ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿದ್ದುದರಿಂದ, ಕಣ್ಣು ಹುಡುಕುವ ನನ್ನ ಕ್ಯಾಮೆರಾ ಕೋಣೆಯನ್ನೆಲ್ಲ ಜಾಲಾಡಿ ಆ ಒಂದು ಕಣ್ಣನ್ನು ಪತ್ತೆಹಚ್ಚಿತ್ತು. ಮೀಸೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೆಳಗೆ ಮಂಜಿನಲ್ಲಿ ಎರಡು ಮೂಟೆಗಳಿದ್ದವು.

ಮತ್ತೆ ತೆಗೆದೆ. ಮತ್ತೆ ಮಾವನವರು. ಬಲಕ್ಕೆ ಸರಿದೆ, ಎಡಕ್ಕೆ ಸರಿದೆ. ಆ ಮನುಷ್ಯರ ಕಣ್ಣು ತಪ್ಪಿಸಲು ಅಂದೂ ನನ್ನಿಂದಾಗಿರಲಿಲ್ಲ, ಇಂದೂ ಆಗಲಿಲ್ಲ.

ಅತ್ತೆ ಪರದೆ ನೋಡಿ ಕರಗಿಹೋದರು. "ಎಷ್ಟು ಚೆನ್ನಾಗಿ ಬಂದಿದ್ದಾರೆ. ಇದನ್ನೇ ಇಟ್ಕೊಳ್ಳೋಣ ಬಿಡಿ."

"ನಿನಗೆ ನಿನ್ನ ಗಂಡನ ಫೋಟೋನೇ ಬೇಕಿದ್ರೆ ನಾನ್ಯಾಕೆ ಈ ಮಂಡಿ ಎಳ್ಕೊಂಡು ಬರ್ಬೇಕಿತ್ತು?" ಎಂದರು ಚಿಕ್ಕತ್ತೆ.

"ಅತ್ತೆ, ಮಾವನವರನ್ನ ಐದು ನಿಮಿಷ ಕೆಳಗಿಳಿಸಿದ್ರೆ..."

"ಯಾಕೆ? ಅವರು ನಿಮಗೇನು ಮಾಡಿದ್ರು? ಗೋಡೆ ಮೇಲೆ ತಮ್ಮ ಪಾಡಿಗೆ ತಾವಿದ್ದಾರೆ."

ಸರಿ, ಮಾವನವರನ್ನು ಕದಲಿಸಲಾಗದಿದ್ದರೆ ಉಳಿದವರನ್ನೇ ಕದಲಿಸೋಣವೆಂದು ಎದುರುಗೋಡೆಯ ಕಡೆಗೆ ಎರಡು ಕುರ್ಚಿ ಹಾಕಿದೆ. ಅಲ್ಲಿ ಬಟ್ಟೆಯ ಬೀರು ಇದೆ. ಅದರ ಬಾಗಿಲಿಗೆ ಆಳುದ್ದದ ಕನ್ನಡಿ. ಅಕ್ಕತಂಗಿಯರು ಅದಕ್ಕೆ ಬೆನ್ನು ಹಾಕಿ, ನನಗೆ ಮುಖ ಮಾಡಿ ಕೂತರು. ಕಿಟಕಿಯ ಬೆಳಕಿನ ಕಾಟ ತಪ್ಪಿಸಲು ಈ ಸಲ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ಪರದೆ ನೋಡುತ್ತಾ ಒತ್ತಿದೆ.

ಈ ಸಲ ಬಂದದ್ದು ನಾನು. ಇಬ್ಬರ ತಲೆಗಳ ನಡುವೆ, ಕನ್ನಡಿಯೊಳಗಿನಿಂದ, ತುಟಿ ಕಚ್ಚಿಕೊಂಡು ಗಹನವಾಗಿ ಯೋಚಿಸುತ್ತಿರುವ ಒಂದು ಮುಖ. ಅಂಥ ದುಬಾರಿ ಯಂತ್ರಕ್ಕೆ ಆ ಕೋಣೆಯಲ್ಲಿ ನನಗಿಂತ ಮುಖ್ಯರಾದವರು ಯಾರೂ ಕಾಣಿಸಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಕ್ಷಣ ನನಗೆ ಅದರ ಅಭಿರುಚಿಯ ಬಗ್ಗೆ ಗೌರವವೇ ಬಂತು.

"ಕನ್ನಡಿ ಇಲ್ಲದ ಕ್ಯಾಮೆರಾಗೆ ಕೊನೆಗೂ ಒಂದು ಕನ್ನಡಿ ಸಿಕ್ತು ನೋಡಿ," ಎಂದು ನನ್ನ ಹೆಗಲ ಮೇಲಿಂದ ಇಣುಕಿ ಹೇಳಿದಳು ಹೆಂಡತಿ.

"ಒಂದು ನಿಮಿಷ. ಈ ಕಣ್ಣು ಹುಡುಕೋದನ್ನ ನಿಲ್ಲಿಸಿದ್ರೆ ಆಯ್ತು."

ನಿಲ್ಲಿಸುವ ಗುಂಡಿ ಯಾವುದು? ಒಂದು ಗುಂಡಿ ಒತ್ತಿದರೆ ಪರದೆ ಕಪ್ಪುಬಿಳುಪಾಯಿತು. ಇನ್ನೊಂದು ಒತ್ತಿದರೆ ಸಮಯ ಕೇಳಿತು. ಮತ್ತೊಂದು ಒತ್ತಿದೆ, ಅದು ನನಗೆ ಅಕ್ಷರವೂ ತಿಳಿಯದ ಯಾವುದೋ ಭಾಷೆಯಲ್ಲಿ ಮಾತಾಡಲು ಶುರುಮಾಡಿತು.

"ಒಂದೇ ಒಂದು ನಿಮಿಷ," ಎಂದೆ.

ಇಬ್ಬರು ಅಕ್ಕತಂಗಿಯರನ್ನು ಬಹಳ ಹೊತ್ತು ಸುಮ್ಮನೆ ಅಕ್ಕಪಕ್ಕ ಕೂರಿಸಬಾರದು ಎನ್ನುವುದು ನನಗೆ ಗೊತ್ತಿರಲಿಲ್ಲ.

"ಅಕ್ಕ, ನಿನ್ನ ಕುರ್ಚಿ ಸ್ವಲ್ಪ ಹಿಂದಕ್ಕೆ ತೊಗೊ. ಅವತ್ತೂ ಹೀಗೇ ಮುಂದೆ ಬಂದು ನನ್ನ ಮುಚ್ಚಿದ್ದೆ."

"ನಾನಾ? ನೀನೇ ತೋಳು ಹಾಕಿ ನನ್ನ ಜಗ್ಗಿದ್ದೆ. ಬೆರಳು ಇನ್ನೂ ನನ್ನ ಹತ್ರಾನೇ ಇದೆ, ತೋರಿಸ್ಲಾ?"

"ಬೆರಳು ಇಟ್ಕೊಂಡು ನನಗೆ ಮೊಂಡುತೋಳು ಕೊಟ್ಟೆಯಲ್ಲ, ಅದನ್ನೂ ಹೇಳು."

"ಕತ್ತರಿಸಿದ್ದು ಅಪ್ಪ."

"ಕತ್ತರಿ ಎಲ್ಲಿದೆ ಅಂತ ತೋರಿಸಿದ್ದು ಯಾರಮ್ಮ?"

ಅತ್ತೆಯ ಮುಖ ಕಿಟಕಿಯ ಕಡೆಗೆ ತಿರುಗಿತು. ಚಿಕ್ಕತ್ತೆಯ ಮುಖ ಬಾಗಿಲ ಕಡೆಗೆ. ಆಮೇಲೆ ಚಿಕ್ಕತ್ತೆ ಕುರ್ಚಿಯ ಪಕ್ಕದಲ್ಲಿದ್ದ ತಮ್ಮ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬಸ್ಸಿಗೆ ಹೊತ್ತಾಯ್ತು. ಫೋಟೋ ಗೀಟೋ ಏನೂ ಬೇಡ. ನಾನು ಹೊರಡ್ತೀನಿ," ಎಂದರು. ಅತ್ತೆ ತಿರುಗಿ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಕ್ಯಾಮೆರಾದ ಕೈಪಿಡಿ ನೆನಪಾಯಿತು. ಅದು ನನ್ನ ಹಿಂದೆ, ನೆಲದ ಮೇಲಿದ್ದ ಕ್ಯಾಮೆರಾ ಚೀಲದಲ್ಲಿತ್ತು. "ಚಿಕ್ಕತ್ತೆ, ಏಳಬೇಡಿ, ಆಯ್ತು, ಆಗೇಹೋಯ್ತು," ಎನ್ನುತ್ತಾ ನಾನು ವೃತ್ತಿಪರನಿಗೆ ತಕ್ಕ ಚುರುಕಿನಿಂದ ಹಿಂದಕ್ಕೆ ತಿರುಗಿ, ಸೊಂಟದಿಂದ ಪೂರ್ತಿಯಾಗಿ ಬಗ್ಗಿದೆ.

ಪರ್‍ರ್ ಎಂದಿತು.

ಪ್ಯಾಂಟಿನ ಹಿಂಭಾಗದ ಹೊಲಿಗೆ, ಮೇಲಿಂದ ಕೆಳಗಿನವರೆಗೆ, ಎಲ್ಲೂ ನಿಲ್ಲದೆ ಬಿಟ್ಟುಕೊಂಡಿತು. ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರೂ ಅದರ ಜೊತೆಗೇ ಹೊರಬಿತ್ತು. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಆಗ ಸೂಜಿಯ ಅಗತ್ಯವೂ ಇತ್ತು.

ಮೌನ ಮುರಿದವರು ಚಿಕ್ಕತ್ತೆ. ಪಿಸುದನಿಯಲ್ಲಿ, "ಅಕ್ಕಾ, ಪಟ್ಟಾಪಟ್ಟಿ ಕಣೇ."

"ಹಸಿರು," ಎಂದರು ಅತ್ತೆ, ಅಷ್ಟೇ ಮೆಲ್ಲಗೆ.

ಆಮೇಲೆ ಹೊರಟ ನಗು ಎರಡು ಜಡೆಯ ವಯಸ್ಸಿನದು. ಚಿಕ್ಕತ್ತೆಯ ಚೀಲ ನೆಲಕ್ಕುರುಳಿತು. ಅತ್ತೆ ಕುರ್ಚಿಯಿಂದ ಜಾರದಿರಲೆಂದು ತಂಗಿಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಂಗಿ ಅಕ್ಕನ ಕುತ್ತಿಗೆಗೆ ತೋಳು ಹಾಕಿ ನೇತಾಡಿದರು. ಇಷ್ಟೂ ಹೊತ್ತು ನಾನು ಮಾತ್ರ ಏಳಲಿಲ್ಲ. ಎದ್ದರೆ ಉಳಿದ ಕಡೆಯ ಹೊಲಿಗೆಯೂ ಹೋಗಬಹುದೆಂಬ ಭಯದಿಂದ ಬಗ್ಗಿದಂತೆಯೇ ಇದ್ದೆ.

ನನ್ನ ಪಕ್ಕಕ್ಕಿದ್ದ ಅಡುಗೆಮನೆಯ ಬಾಗಿಲಿಂದ 'ಟಿಕ್' ಎಂದು ಸಣ್ಣದೊಂದು ಸದ್ದು ಬಂತು. ಹೆಂಡತಿಯ ಕೈಯಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ಡಬ್ಬಿ ಇತ್ತು.

ಚಿಕ್ಕತ್ತೆ ಅಂದು ಬಸ್ಸು ಹತ್ತುವಾಗಲೂ ನಗುತ್ತಿದ್ದರಂತೆ. ನಾನು ನೋಡಲಿಲ್ಲ, ಲುಂಗಿ ಹುಡುಕುತ್ತಿದ್ದೆ.

ಮಾರನೆಯ ದಿನ ಹೆಂಡತಿ ಆ ಚಿತ್ರವನ್ನು ದೊಡ್ಡದಾಗಿ ಎರಡು ಪ್ರತಿ ಮಾಡಿಸಿ ತಂದಳು. ಒಪ್ಪಿಕೊಳ್ಳಲೇಬೇಕು, ಅಂಥ ಫೋಟೋ ನನ್ನ ಕಲೆಯಿಂದ ಹುಟ್ಟುತ್ತಿರಲಿಲ್ಲ. ಅಕ್ಕತಂಗಿಯರು ತಲೆಗೆ ತಲೆ ತಾಗುವಷ್ಟು ವಾಲಿ ನಗುತ್ತಿದ್ದಾರೆ. ಭುಜದ ಮೇಲೆ ಬೆರಳಿದೆ, ಬೆರಳಿಗೆ ತೋಳಿದೆ, ತೋಳಿಗೆ ಮನುಷ್ಯರಿದ್ದಾರೆ. ಕಣ್ಣಂಚಿನ ನೀರು ಕೂಡ ಕಾಣುತ್ತದೆ.

ಇಬ್ಬರ ಗದ್ದಕ್ಕೂ ಕೆಳಗೆ, ಸರಿಯಾಗಿ ನಡುವೆ, ಹಿಂದಿನ ಕನ್ನಡಿಯಲ್ಲಿ, ನಾನೂ ಕಾಣುತ್ತೇನೆ. ಮುಖವಲ್ಲ. ಹಸಿರು ಪಟ್ಟೆ ಎಷ್ಟು, ಬಿಳಿ ಪಟ್ಟೆ ಎಷ್ಟು ಎಂದು ಬೇಕಾದವರು ಎಣಿಸಿಕೊಳ್ಳಬಹುದು.

"ಇದನ್ನ ಕತ್ತರಿಸಿಬಿಡೋಣ," ಎಂದೆ.

"ಎಲ್ಲಿ ಕತ್ತರಿಸ್ತೀರಾ, ತೋರಿಸಿ," ಎಂದಳು ಹೆಂಡತಿ.

ಬೆರಳಿಟ್ಟು ನೋಡಿದೆ. ನನ್ನನ್ನು ತೆಗೆಯಬೇಕೆಂದರೆ ಅತ್ತೆಗೂ ಚಿಕ್ಕತ್ತೆಗೂ ನಡುವೆಯೇ ಕತ್ತರಿ ಆಡಬೇಕು.

"ಅಳಿಯಂದ್ರೇ," ಎಂದರು ಅತ್ತೆ. ದನಿ ತಣ್ಣಗಿತ್ತು. "ಕತ್ತರಿ ವಿಷಯ ಈ ಮನೇಲಿ ಇನ್ನೊಂದ್ಸಲ ಬರಬಾರದು."

"ಹೋಗಲಿ, ಹಿಂದಿರೋದನ್ನ ಮಸುಕಾದ್ರೂ ಮಾಡಿಸೋಣ."

"ಮಸುಕು ಬೇಕಿದ್ರೆ ನಿಮ್ಮ ಕ್ಯಾಮೆರಾದಲ್ಲಿ ತೆಗೀಬೇಕಿತ್ತು ರೀ. ನನ್ನ ಡಬ್ಬಿಗೆ ವಿವೇಚನೆ ಇಲ್ಲ. ಮುಂದೆ ಇರೋದೂ ಸ್ಪಷ್ಟ, ಹಿಂದೆ ಇರೋದೂ ಸ್ಪಷ್ಟ. ನೀವೇ ಹೇಳಿದ್ರಲ್ಲ. ನಿಮ್ಮ ಹಿಂದಿನದ್ದಂತೂ ಬಹಳ ಸ್ಪಷ್ಟ."

ಈಗ ಆ ಫೋಟೋ ಚೌಕಟ್ಟಿನೊಳಗೆ ಕೂತು ಮಾವನವರ ಎದುರುಗೋಡೆಗೆ ಏರಿದೆ. ಇನ್ನು ಅವರಿಗೆ ನನ್ನ ಮೇಲೆ ಕಣ್ಣಿಡಲು ಕತ್ತು ಹೊರಳಿಸುವ ಕಷ್ಟವೂ ಇಲ್ಲ. ಮುಖ ಕಾಣಿಸುವುದಿಲ್ಲವಲ್ಲ, ಅದು ನಾನೆಂದು ಯಾರಿಗೆ ತಿಳಿಯಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಜೋರಾಗಿ ಹೇಳಿಕೊಂಡದ್ದು ತಪ್ಪಾಯಿತು.

"ಅದಕ್ಯಾಕೆ ಯೋಚನೆ ಮಾಡ್ತೀರಾ," ಎಂದರು ಅತ್ತೆ. "ಬಂದವರಿಗೆಲ್ಲ ನಾನೇ ಹೇಳ್ತಿದ್ದೀನಲ್ಲ."

ಮೊನ್ನೆ ಚಿಕ್ಕತ್ತೆಯ ಫೋನು ಬಂತು. ಅಕ್ಕತಂಗಿಯರು ಬಹಳ ಹೊತ್ತು ಮಾತಾಡಿದರು, ನಡುನಡುವೆ ನಕ್ಕರು. ಫೋನಿಟ್ಟು ಅತ್ತೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಹಿಂದೆ ಕಂಡಿರಲಿಲ್ಲ.

"ಅವಳ ಮಂಡಿ ಒಪ್ಪಿದೆಯಂತೆ. ಮುಂದಿನ ತಿಂಗಳು ಮತ್ತೆ ಬರ್ತಾಳಂತೆ, ಇನ್ನೊಂದು ಫೋಟೋ ತೆಗೆಸ್ಕೊಳ್ಳೋಕೆ."

ನಾನು ತಟ್ಟನೆ ಎದ್ದು ಕ್ಯಾಮೆರಾದ ಚೀಲಕ್ಕೆ ಕೈಹಾಕಿದೆ.

"ಅದೆಲ್ಲ ಇರಲಿ ಬಿಡಿ," ಎಂದರು ಅತ್ತೆ. "ನೀವು ಆ ಪ್ಯಾಂಟು ಹೊಲಿಸಿ ಇಟ್ಕೊಂಡಿದ್ರೆ ಸಾಕಂತೆ."