ಪಚಡಿಯ ಉಪ್ಪು

ಅಡುಗೆ ಬಾರದವರಿಗಾಗಿಯೇ ದೇವರು ಪಚಡಿಯನ್ನು ಸೃಷ್ಟಿಸಿದ್ದಾನೆಂದು ನಾನು ಬಹಳ ದಿನ ನಂಬಿದ್ದೆ. ಅದಕ್ಕೆ ಒಲೆಯ ಹಂಗಿಲ್ಲ, ಪಾಕದ ಹದವಿಲ್ಲ. ಸೌತೆಕಾಯಿ, ಗಜ್ಜರಿ, ಮೂಲಂಗಿ, ಒಂದು ಹಿಡಿ ಎಳೆಯ ಮೆಂತ್ಯದ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಶೇಂಗಾಪುಡಿ ಉದುರಿಸಿ, ಗಟ್ಟಿ ಮೊಸರು ಕಲಸಿ, ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಸೀಯುವುದಿಲ್ಲ, ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ. ಆದ್ದರಿಂದಲೇ ನಮ್ಮ ಕಡೆಯ ಮನೆಗಳಲ್ಲಿ ಕಾರ್ಯದ ಕೆಲಸ ಹಂಚುವಾಗ ಹೋಳಿಗೆಗೆ ಒಬ್ಬರು, ಎಣ್ಣೆಗಾಯಿಗೆ ಒಬ್ಬರು, ಕಟ್ಟಿನ ಸಾರಿಗೆ ಒಬ್ಬರು ಎಂದು ನೇಮಿಸಿ, ಕೊನೆಗೆ ಯಾರನ್ನು ಒಲೆಯ ಹತ್ತಿರ ಬಿಡಲು ಧೈರ್ಯ ಸಾಲದೋ ಅವರ ಮುಂದೆ ಈಳಿಗೆಮಣೆ ಸರಿಸುತ್ತಾರೆ. ಬೈಲಹೊಂಗಲದ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಆ ಈಳಿಗೆಮಣೆ ನನ್ನ ಮುಂದೆ ಬಂದು ನಿಂತಿತು.

ಇದರಲ್ಲಿ ಅವಮಾನವೇನೂ ಇರಲಿಲ್ಲ. ನಾನು ಕಿತ್ತೂರಿನ ಸಾಲೆಯಲ್ಲಿ ಅಕ್ಕೋರಾಗಿದ್ದೆ. ಎಂಟನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದೆ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ನನಗೆ ಒಲೆಯ ಪರಿಚಯ ಅಷ್ಟಕ್ಕಷ್ಟೆ. ನಮ್ಮ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಮೈಸೂರು ಕಡೆಯವರು. ಅವರು ಒಮ್ಮೆ ಸಾಲೆಯ ಕೂಟಕ್ಕೆ ಹೆಸರುಬೇಳೆ ನೆನೆಸಿ, ಕೊಬ್ಬರಿ ತುರಿದು, ನಿಂಬೆಹಣ್ಣು ಹಿಂಡಿ ಕೋಸಂಬರಿ ಮಾಡಿ ತಂದಿದ್ದರು. ತಿಂದ ನಾವೆಲ್ಲ ಚೆನ್ನಾಗಿದೆ ಎಂದೆವು, ಮತ್ತು ಮನಸ್ಸಿನಲ್ಲೇ ಶೇಂಗಾಪುಡಿಯನ್ನು ನೆನೆದೆವು. ನಮ್ಮಲ್ಲಿ ತೆಂಗಿನಕಾಯಿ ಗುಡಿಗೆ, ಶೇಂಗಾ ಬಾಯಿಗೆ. ಗುರೆಳ್ಳಿನ ಪುಡಿಯಾದರೂ ಆದೀತು. ಅವರು ಮಾತ್ರ ನಮ್ಮ ಪಚಡಿ ತಿಂದು, "ಇದಕ್ಕೆ ಇಷ್ಟೊಂದು ಎಣ್ಣೆಯೇನ್ರೀ?" ಎಂದು ಕೇಳಿ ಮತ್ತೊಂದು ಸಲ ಹಾಕಿಸಿಕೊಂಡರು.

ನನ್ನ ತಾಪತ್ರಯ ಶುರುವಾದದ್ದು ನನ್ನ ನಾದಿನಿ ಶಾಂತಾಳ ಕುಬಸದಲ್ಲಿ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬಂಧುಗಳನ್ನೆಲ್ಲ ಕರೆದು ಉಣ್ಣಿಸುವ ಕಾರ್ಯ. ಅದಕ್ಕೆ ಎರಡು ದಿನ ಮೊದಲೇ ರಾಮದುರ್ಗದಿಂದ ನಮ್ಮ ಮಾವನವರ ಅಕ್ಕ ಬಂದಿಳಿದರು. ಅವರನ್ನು ನಾವೆಲ್ಲ ರಾಮದುರ್ಗದತ್ತಿ ಎನ್ನುತ್ತಿದ್ದೆವು. ಊರಿಗೆಲ್ಲ ಜೋರಾಗಿದ್ದ ನಮ್ಮ ಮಾವನವರು ಅಕ್ಕನ ಮುಂದೆ ಬೆಕ್ಕಿನ ಮರಿ. ಅತ್ತಿ ಕಾಲು ತೊಳೆದುಕೊಂಡು ಒಳಗೆ ಬರುವುದಕ್ಕೂ ನಾನು ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡುವುದಕ್ಕೂ ಸರಿಹೋಯಿತು. ಸಂಜೆ ನಾನು ತಿರುಗಿ ಬರುವಷ್ಟರಲ್ಲಿ ನನ್ನ ನೌಕರಿಯ ವಿಚಾರಣೆ ಪಡಸಾಲೆಯಲ್ಲಿ ನಡೆದಿತ್ತು.

"ಹಬ್ಬ ಹುಣ್ಣಿವಿ ಬಂದ್ರೂ ಬಸ್ಸಿನ್ಯಾಗ ಕುಂತಿರೂ ಸೊಸಿನ್ನ ತಗೊಂಡು ಏನ ಮಾಡ್ತೀಯೋ ತಮ್ಮಾ? ನೌಕರಿ ಬಿಡಸು," ಎಂದರು ಅತ್ತಿ.

"ಕುಬಸ ಮುಗೀಲಿ ಅಕ್ಕಾ, ಆಮ್ಯಾಲ ನೋಡೂಣು," ಎಂದರು ಮಾವನವರು.

"ಆತು. ಕುಬಸದಾಗ ಆಕಿ ಕೈ ಹೆಂಗೈತಿ ನೋಡ್ತೇನಿ. ಆಮ್ಯಾಲ ನಾನ ಹೇಳ್ತೇನಿ."

ನನ್ನ ಯಜಮಾನರು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರೇನಾದರೂ ಅಂದಾರೆಂದು ನೋಡಿದೆ. ಅವರು ಬಹಳ ಗಂಭೀರವಾಗಿ ಅಡಿಕೆ ಕತ್ತರಿಸುತ್ತಿದ್ದರು. ನನಗೆ ಅಳು ಬಂತು. ಆ ನೌಕರಿ ನನಗೆ ಬಹಳ ಪ್ರೀತಿಯದು. ಸಂಬಳಕ್ಕಿಂತ, ತರಗತಿಯಲ್ಲಿ ಕರಿ ಫಳಿಯ ಮುಂದೆ ನಿಂತಾಗ ನನ್ನ ಮಾತನ್ನು ಯಾರೂ ನಡುವೆ ಕತ್ತರಿಸುವುದಿಲ್ಲ ಎಂಬ ಸುಖ ದೊಡ್ಡದು. ಅದು ಈಗ ಒಂದು ಬೋಗುಣಿ ಪಚಡಿಯ ಮೇಲೆ ನಿಂತಿತು.

ಪಚಡಿಯ ಗುಟ್ಟೆಲ್ಲ ಉಪ್ಪಿನಲ್ಲಿದೆ. ಮೊದಲೇ ಉಪ್ಪು ಬೆರೆಸಿದರೆ ಸೌತೆಕಾಯಿ ನೀರು ಬಿಡುತ್ತದೆ. ಪಂಕ್ತಿಯ ಊಟದಲ್ಲಿ ಇದು ಸಣ್ಣ ಮಾತಲ್ಲ. ಎಲೆಗೆ ಮೊದಲು ಬೀಳುವುದೇ ಉಪ್ಪು, ಉಪ್ಪಿನಕಾಯಿ, ಪಚಡಿ. ಆಮೇಲೆ ಉಳಿದದ್ದೆಲ್ಲ ಬಡಿಸಿ, ತುಪ್ಪ ಬಂದು, ಹಿರಿಯರು ಕೈ ಹಾಕುವ ತನಕ ಯಾರೂ ಉಣ್ಣುವ ಹಾಗಿಲ್ಲ. ಅಷ್ಟರಲ್ಲಿ ಪಚಡಿಯ ನೀರು ಎಲೆಯ ಮೇಲೆ ಹರಿದು ಹೋಳಿಗೆಯ ಬುಡ ಸೇರಿರುತ್ತದೆ. ಬೀಗರ ಎಲೆಯಲ್ಲಿ ಹೋಳಿಗೆ ತೊಯ್ದರೆ ಆ ಮಾತು ಸವದತ್ತಿಯ ತನಕ ಹೋಗುತ್ತದೆ. ಶಾಂತಾಳ ಅತ್ತೆಯ ಮನೆ ಅಲ್ಲಿಯೇ. ಅದಕ್ಕೇ ನಾನು ಹೆಚ್ಚಿದ ಕಾಯಿಪಲ್ಯ ಒಂದು ಬೋಗುಣಿಯಲ್ಲಿ, ಮೊಸರು ಒಂದರಲ್ಲಿ, ಶೇಂಗಾಪುಡಿ ಒಂದರಲ್ಲಿ ಇಟ್ಟು, ಎಲೆ ಹಾಸಿದ ಮೇಲೆಯೇ ಉಪ್ಪು ಹಾಕಿ ಕಲಸುವುದೆಂದು ಯೋಜನೆ ಹಾಕಿದೆ. ಹಿಂದಿನ ದಿನವೇ ಪಾಠದ ಟಿಪ್ಪಣಿ ಮಾಡಿಕೊಂಡು ಹೋಗುವ ಅಕ್ಕೋರಿಗೆ ಇದೇನು ಮಹಾ ಎಂಬ ಧಿಮಾಕು ಬೇರೆ.

ಇನ್ನೊಂದು ತೊಡಕನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ವಾಸನೆಯಿಂದ, ಬಣ್ಣದಿಂದ, ಅಂದಾಜಿನಿಂದ ತಿಳಿಯಬೇಕು. ಈ ಕಟ್ಟಳೆಯಲ್ಲಿ ಬೆಳೆದ ನಮ್ಮ ಹೆಂಗಸರಿಗೆ ತಮ್ಮ ಅಂದಾಜಿನ ಮೇಲೆ ಎಂಥ ಭರವಸೆ ಎಂದರೆ, ತಮ್ಮ ಅಡುಗೆಯಷ್ಟೇ ಅಲ್ಲ, ಮಂದಿಯ ಅಡುಗೆಗೂ ಉಪ್ಪು ಕಡಿಮೆಯಾಗಿದೆಯೆಂದು ದೂರದಿಂದಲೇ ಹೇಳಬಲ್ಲರು.

ಕುಬಸದ ದಿನ ನಾನು ಎಲ್ಲ ಹೆಚ್ಚಿಟ್ಟಿದ್ದೆ. ಅಷ್ಟರಲ್ಲಿ ಶಾಂತಾ ಒಳಗಿನ ಕೋಣೆಯಿಂದ, "ವೈನೀ, ನನ್ನ ದಂಡಿ ಜಾರಾಕ ಹತ್ತೇತಿ, ಬರ್ರಿ," ಎಂದು ಕೂಗಿದಳು. ಜಡೆಗೆ ಹೂವಿನ ದಂಡಿ ಬಿಗಿಯಾಗಿ ಕಟ್ಟಿ, ಸೀರೆಯ ನೆರಿಗೆ ಸರಿಮಾಡಿ, ಬಸುರಿಯ ಬಯಕೆಗಳನ್ನೆಲ್ಲ ಕೇಳಿಕೊಂಡು ತಿರುಗಿ ಬಂದೆ. ಬೋಗುಣಿ ಇಟ್ಟಲ್ಲೇ ಇತ್ತು. ಒಳಗೆ ಸೌತೆಕಾಯಿ ಈಜುತ್ತಿತ್ತು.

ಉಪ್ಪು ಹಾಕದ ಸೌತೆಕಾಯಿ ಹೀಗೆ ನೀರು ಬಿಡುವುದಿಲ್ಲ. ಬಟಾಟೆಯಲ್ಲಿ ಕುಳಿ ಕೊರೆದು, ಉಪ್ಪು ತುಂಬಿ, ನೀರು ಹೇಗೆ ಒಸರುತ್ತದೆ ಎಂದು ವರ್ಷ ವರ್ಷ ಹುಡುಗಿಯರಿಗೆ ತೋರಿಸಿದವಳು ನಾನೇ. ಯಾರೋ ಉಪ್ಪು ಹಾಕಿದ್ದಾರೆ. ಆದರೆ ಎಷ್ಟು? ರುಚಿ ನೋಡುವಂತಿಲ್ಲ, ಅಂದಾಜು ನನಗೆ ಗೊತ್ತಿಲ್ಲ. ಬೋಗುಣಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಲಿಗೆ ಓಡಿದೆ. ಒಂದಿಷ್ಟು ನೀರು ಬಸಿದು ನಮ್ಮ ಎಮ್ಮೆಯ ಬಾನಿಗೆ ಸುರಿದೆ. ಎಮ್ಮೆಗೆ ಎಡೆಯ ಕಟ್ಟಳೆ ಇಲ್ಲವಲ್ಲ. ಅದು ನೀರು ಕುಡಿಯಿತು. ಆಮೇಲೆ ಖಾಲಿ ಬಾನಿಯನ್ನು ನೆಕ್ಕಿತು. ನೆಕ್ಕಿ ನೆಕ್ಕಿ, ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ನೆಕ್ಕಿತು. ಉಪ್ಪು ಮಿತಿ ಮೀರಿದೆ ಎಂಬುದು ಖಾತ್ರಿಯಾಯಿತು.

ಮೊಸರು ಕಟ್ಟುವ ಬಿಳಿ ಅರಿವೆ ಹಗ್ಗದ ಮೇಲೆ ಒಣಗುತ್ತಿತ್ತು. ಅದರಲ್ಲಿ ಎಲ್ಲವನ್ನೂ ಸುರಿದು, ತೋಯಿಸಿದ ಸೀರೆ ಹಿಂಡುವ ಹಾಗೆ ಹಿಂಡಿದೆ. ತಣ್ಣೀರು ಹಾಕಿ ಇನ್ನೊಮ್ಮೆ ಹಿಂಡಿದೆ. ಉಳಿದಿದ್ದ ಗಜ್ಜರಿಯನ್ನೆಲ್ಲ ತುರಿದು ಸೇರಿಸಿ, ಹಸಿ ಮೆಂತ್ಯದ ಸೊಪ್ಪು ಬೆರೆಸಿ, ಉಪ್ಪಿಲ್ಲದ ಮೊಸರು, ಕೈತುಂಬ ಶೇಂಗಾಪುಡಿ ಹಾಕಿ, ಚುರ್ರೆನ್ನುವ ಒಗ್ಗರಣೆ ಕೊಟ್ಟೆ. ಇನ್ನು ಕಿತ್ತೂರಿನ ಬಸ್ಸು ನನ್ನನ್ನು ಬಿಟ್ಟೇ ಹೋಗುತ್ತದೆ ಎಂದುಕೊಂಡು ಪಡಸಾಲೆಗೆ ಒಯ್ದೆ.

ಎಡೆಯಾಯಿತು, ಗಂಡಸರ ಪಂಕ್ತಿ ಎದ್ದಿತು. ಹೆಂಗಸರ ಪಂಕ್ತಿಯಲ್ಲಿ ಸವದತ್ತಿಯ ಬೀಗತಿಯ ಬಗಲಿಗೆ ರಾಮದುರ್ಗದತ್ತಿ, ಆಕೆಯ ಬಗಲಿಗೆ ನಮ್ಮ ಓಣಿಯ ಗೌರವ್ವ ಕೂತರು. ತುಪ್ಪ ಬರುವುದು ತಡವಾಯಿತು. ನಾನು ಯಾರ ಮುಖವನ್ನೂ ನೋಡಲಿಲ್ಲ, ಎಲೆಗಳ ಮೇಲಿನ ಪಚಡಿಯನ್ನೇ ನೋಡುತ್ತಿದ್ದೆ. ಅದು ಇಟ್ಟ ಜಾಗ ಬಿಟ್ಟು ಅಲುಗಲಿಲ್ಲ. ಹೋಳಿಗೆ ಒಣಗಿಯೇ ಇತ್ತು.

ಬೀಗತಿ ಪಚಡಿ ಬಾಯಿಗಿಟ್ಟುಕೊಂಡು, "ಇದನ್ನ ಯಾರ ಮಾಡ್ಯಾರ್ರೀ? ಉಪ್ಪ ಬಾಳ ಹದಕ್ಕ ಬಿದ್ದೈತಿ," ಎಂದರು.

ರಾಮದುರ್ಗದತ್ತಿ ನೆಟ್ಟಗೆ ಕೂತರು. "ಹೆಚ್ಚಿದಾಕಿ ನಮ್ಮ ಸೊಸಿ. ಉಪ್ಪ ಮಾತ್ರ ನಂದ್ರಿ. ನೋಡಿದೆ, ಉಪ್ಪ ಇಲ್ಲದ ಬಿಳಚಿಕೊಂಡಿತ್ತು. ಒಂದ ಮುಷ್ಟಿ ಹಾಕಿದೆ."

"ಅಯ್ಯ ಎಕ್ಕಾ, ನೀವೂ ಹಾಕೀರೇನು?" ಎಂದಳು ಗೌರವ್ವ, ಕೈಯ ತುತ್ತು ಕೈಯಲ್ಲೇ ಹಿಡಿದು. "ನಾ ಬಂದಾಗನೂ ಬಿಳಚೇ ಇತ್ತಲ್ರಿ. ಪಾಪ, ಅಕ್ಕೋರಿಗೆ ಏನ ತಿಳೀತೈತಿ ಅಂತ ನಾನೂ ಹಾಕಿದೆ."

ಹೋಳಿಗೆ ಬಡಿಸುತ್ತಿದ್ದ ನನ್ನ ಯಜಮಾನರ ತಾಯಿ, ನಮ್ಮ ಅತ್ತೆಯವರು, ತಟ್ಟೆ ಹಿಡಿದು ನಿಂತುಬಿಟ್ಟರು. ಅವರ ಬಲಗೈ ತಾನಾಗಿಯೇ ಸೆರಗಿನ ಹಿಂದೆ ಹೋದದ್ದನ್ನು ಎಲ್ಲರೂ ಕಂಡರು.

ರಾಮದುರ್ಗದತ್ತಿ ಆ ಕೈಯನ್ನು ನೋಡಿದರು, ಗೌರವ್ವನನ್ನು ನೋಡಿದರು, ಕೊನೆಗೆ ಎಲೆಯ ಮೇಲಿನ ಪಚಡಿಯನ್ನು ಇನ್ನೊಮ್ಮೆ ನಾಲಿಗೆಗೆ ಹಚ್ಚಿ ನೋಡಿದರು. ನಗು ತಡೆಯಲಾಗದೆ ಅವರ ಹೊಟ್ಟೆ ಕುಲುಕಾಡಿತು. "ಮೂರ ಮಂದಿ ಉಪ್ಪ ತಡಕೊಂಡಾಳಂದ್ರ ಇಕಿ ಬಸ್ಸನ್ನೂ ತಡಕೋತಾಳ, ಮನೀನೂ ತಡಕೋತಾಳ. ನೌಕರಿ ಮಾಡಲಿ ಬಿಡ," ಎಂದು ತಮ್ಮನಿಗೆ ಕೇಳುವಂತೆ ಕೂಗಿ ಹೇಳಿದರು. ಪಡಸಾಲೆಯ ಆಚೆಯಿಂದ ನನ್ನ ಯಜಮಾನರು, "ನಾ ಮೊದಲ ಅದನ್ನ ಅನ್ನಾಂವ ಇದ್ದೆ," ಎಂದರು. ನನಗೆ ಅವರ ಮೇಲೂ ಸಿಟ್ಟು ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಹೀಗೆ ಒಂದು ನೌಕರಿ ಉಳಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಕಾಯಂ ಆದೆ. ಶಾಂತಾಳ ಮಗನ ತೊಟ್ಟಿಲು, ಓಣಿಯ ಮದುವೆಗಳು, ದೊಡವಾಡದಲ್ಲಿ ನಂಟರ ಮನೆಯ ಕಾರ್ಯ, ಎಲ್ಲ ಕಡೆಗೂ ಹಿಂಡಿದ ಪಚಡಿಗೆ ನಾನೇ ಆಗಬೇಕು. ಹೋಳಿಗೆ ಲಟ್ಟಿಸಲು ಕಲಿಯುತ್ತೇನೆಂದರೆ, "ನಿನಗ್ಯಾಕ ಅದು? ನಿನ್ನ ಪಚಡಿ ನೀ ಮಾಡು," ಎನ್ನುತ್ತಿದ್ದರು. ಸಾಲೆಗಾದರೂ ಬೇಸಿಗೆಯ ರಜೆ ಇತ್ತು.

ಎರಡು ವರ್ಷಕ್ಕೆ ಮೈದುನನ ಮದುವೆಯಾಗಿ ಸುಮಿತ್ರಾ ಎಂಬ ನೆಗೆಣ್ಣಿ ಬಂದಳು. ಅವಳಿಗೂ ಅಡುಗೆ ಅಷ್ಟಕ್ಕಷ್ಟೆ ಎಂದು ತಿಳಿದಾಗ ನನಗಾದ ಹಿಗ್ಗು ಹೇಳತೀರದು. ಎಳ್ಳಮಾವಾಸ್ಯೆಯ ಮುಂಜಾನೆ ಈಳಿಗೆಮಣೆಯನ್ನು ಅವಳ ಮುಂದೆ ಸರಿಸಿದೆ. ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ತುತ್ತುಗಳ ಚರಗ ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಣ್ಣುವ ಹಬ್ಬ ಅದು. ಚರಗ ಚೆಲ್ಲುವ ತನಕ ರುಚಿ ನೋಡುವಂತಿಲ್ಲ. ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಅವಳ ಬೋಗುಣಿಯ ಮುಂದೆ ಹಾದು ಹೋದೆ. ಸೌತೆಕಾಯಿ ಯಾಕೋ ಬಿಳಚಿಕೊಂಡಂತೆ ಕಂಡಿತು. ಪಾಪ, ಹೊಸ ಹುಡುಗಿ, ಮರೆತಿರಬೇಕು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಸುಮಿತ್ರಾ ಹಗ್ಗದ ಮೇಲಿನ ಬಿಳಿ ಅರಿವೆ ಸೆಳೆದುಕೊಂಡು ಹಿತ್ತಲಿನ ಕಡೆ ಓಡಿದ್ದು ಕಣ್ಣಿಗೆ ಬಿತ್ತು. ಅಲ್ಲಿ ಎಮ್ಮೆ ಖಾಲಿ ಬಾನಿಯನ್ನು ನೆಕ್ಕುತ್ತಿತ್ತು. ನನಗೆ ಅದರ ಅರ್ಥ ತಿಳಿಯಲೇಬೇಕಿತ್ತು, ಆದರೆ ಬಂಡಿ ಹೂಡುವ ಅವಸರ.

ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಕೂತು ಉಣ್ಣುವಾಗ, ಹಬ್ಬಕ್ಕೆಂದು ಬಂದಿದ್ದ ರಾಮದುರ್ಗದತ್ತಿ ಸಜ್ಜೆರೊಟ್ಟಿಯಿಂದ ಪಚಡಿ ಎತ್ತಿ ಬಾಯಿಗಿಟ್ಟು, "ಪಚಡಿ ಚಲೋ ಆಗೇತಿ. ಯಾರದಿದು?" ಎಂದರು. ಸುಮಿತ್ರಾ ಬಾಯಿ ತೆರೆಯುವ ಮೊದಲೇ ಯಾರೋ, "ಹೆಚ್ಚಿದಾಕಿ ಸುಮಿತ್ರಾ, ಉಪ್ಪ ಮಾತ್ರ ನಂದ್ರಿ," ಎಂದರು. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ತಲೆಯೆತ್ತಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.